ಬೀರುವಿನಲ್ಲೇ ಉಳಿದ ಬ್ಯಾಗ್

ಈಕೆಯನ್ನು ಸವಿತಾ ಎಂದು ಕರೆಯೋಣ. ಹೆಸರು, ಕೆಲಸ, ಮನೆಯ ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ವಯಸ್ಸು 34. ಬೆಂಗಳೂರಿನ ಒಂದು ಕಂಪನಿಯಲ್ಲಿ ಟೀಮ್ ಲೀಡ್. ಮನೆಯಲ್ಲಿ ಗಂಡ, ಅತ್ತೆ, ಐದು ವರ್ಷದ ಮಗಳು.

ನಿದ್ದೆ ಬರುತ್ತಿಲ್ಲ ಎಂದು ಆಪ್ತಸಲಹೆಗೆ ನನ್ನ ಹತ್ತಿರ ಬಂದಿದ್ದರು. ಮುಕ್ಕಾಲು ಗಂಟೆ ಆಫೀಸು, ಟ್ರಾಫಿಕ್ಕು ಎಂದೇ ಮಾತಾಡಿದರು. ಹೊರಡಲು ಎದ್ದವರು ಬಾಗಿಲ ಹತ್ತಿರ ನಿಂತು, “ಮೇಡಂ, ಮೊನ್ನೆ ಮಗಳಿಗೆ ಹೊಡೆದುಬಿಟ್ಟೆ” ಎಂದರು. ಕಣ್ಣು ತುಂಬಿತ್ತು. ಮತ್ತೆ ಕೂರಿಸಿದೆ.

ಮಗು ದೋಸೆ ತಿಂದ ಕೈಯಲ್ಲಿ ಅಮ್ಮನ ಹೊಸ ಬ್ಯಾಗ್ ಮುಟ್ಟಿತ್ತು. ಚಟ್ನಿ ಅಂಟಿತ್ತು. ಅಷ್ಟೇ. ಆದರೆ ಆ ಬ್ಯಾಗಿನ ಬೆಲೆ 1 ಲಕ್ಷ 65 ಸಾವಿರ. ಮನೆಯಲ್ಲಿ ಹೇಳಿದ್ದು “ಆಫರ್‌ನಲ್ಲಿ ಸಿಕ್ತು, ನಾಲ್ಕು ಸಾವಿರ” ಎಂದು. ನಾಲ್ಕು ಸಾವಿರದ ಬ್ಯಾಗಿಗೆ ಇಷ್ಟೊಂದು ಕೋಪವೇ ಎಂದು ಅತ್ತೆ ಕೇಳಿದರಂತೆ. ಉತ್ತರ ಇರಲಿಲ್ಲ.

ಬಡ್ತಿ ಸಿಕ್ಕಾಗ ತೆಗೆದುಕೊಂಡದ್ದು. ಕಾಲೇಜಿಗೆ ಹೋಗುವಾಗ ಪಟ್ಟಿ ಕಿತ್ತುಹೋದ ರೆಕ್ಸಿನ್ ಬ್ಯಾಗಿಗೆ ಹೊಲಿಗೆ ಹಾಕಿಕೊಂಡು ಮೂರು ವರ್ಷ ಓಡಾಡಿದವರು ಈಕೆ. ಹೊಲಿಗೆ ಕಾಣದಂತೆ ಅದನ್ನು ಒಳಮಗ್ಗುಲಿಗೆ ತಿರುಗಿಸಿ ಹಿಡಿಯುತ್ತಿದ್ದರಂತೆ. ಅದನ್ನು ಹೇಳುವಾಗ ಅವರ ಕೈ ತಾನಾಗಿಯೇ ಭುಜಕ್ಕೆ ಹೋಯಿತು. ಈ ಆಸೆಯನ್ನು ನಾನು ಶೋಕಿ ಎನ್ನಲಾರೆ.

ತೊಂದರೆ ಏನೆಂದರೆ, ಎಂಟು ತಿಂಗಳಲ್ಲಿ ಆ ಬ್ಯಾಗ್ ಹೊರಗೆ ಹೋದದ್ದು ಆರು ಸಲ. ಮೆಟ್ರೋ ಸ್ಟೇಷನ್ನಿನಲ್ಲಿ ಸ್ಕ್ಯಾನರ್ ಬೆಲ್ಟಿನ ಮೇಲೆ ಇಡಬೇಕಲ್ಲ ಎಂದು ಆ ದಿನ ಆಟೋ ಹಿಡಿಯುತ್ತಿದ್ದರು. ಊಟದ ಡಬ್ಬಿಗೆ ಬೇರೆ ಬಟ್ಟೆ ಚೀಲ. ಹೋಟೆಲಿನಲ್ಲಿ ಕೂತರೆ ಬ್ಯಾಗ್ ತೊಡೆಯ ಮೇಲೆ. ಮನೆಗೆ ಬಂದರೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬೀರುವಿಗೆ.

ಇಂಥ ಕಡೆ ನಾನು ಮೊದಲು ಕೆಲವು ಪ್ರಶ್ನೆ ಕೇಳುತ್ತೇನೆ. ಬೇಜಾರಾದಾಗೆಲ್ಲ ಏನಾದರೂ ಕೊಳ್ಳುತ್ತೀರಾ? ಬಿಲ್ಲು ಬಚ್ಚಿಡುವುದು ಇದೇ ಮೊದಲಾ? ಬೇರೆ ಸಾಲ ಇದೆಯಾ? ಹೌದು ಹೌದು ಎಂದು ಬಂದರೆ ದಾರಿ ಬೇರೆ, ಕೆಲವೊಮ್ಮೆ ಮನೋವೈದ್ಯರ ಹತ್ತಿರವೂ ಕಳಿಸಬೇಕಾಗುತ್ತದೆ. ಸವಿತಾ ವಿಷಯದಲ್ಲಿ ಹಾಗಿರಲಿಲ್ಲ. ಒಂದೇ ಬ್ಯಾಗ್, ಒಂದೇ ಸುಳ್ಳು.

ಎರಡನೇ ಭೇಟಿಯಲ್ಲಿ, “ನಿಮ್ಮ ತವರಿನಲ್ಲಿ ಬೆಲೆಬಾಳುವ ವಸ್ತುವನ್ನು ಏನು ಮಾಡುತ್ತಿದ್ದರು?” ಎಂದು ಕೇಳಿದೆ. ಥಟ್ಟನೆ ಅಮ್ಮನ ಧಾರೆ ಸೀರೆ ನೆನಪಾಯಿತು. ಹಾಳಾದೀತು ಎಂದು ಅಮ್ಮ ಅದನ್ನು ಧಾರೆಯ ನಂತರ ಉಡಲೇ ಇಲ್ಲ. ಟ್ರಂಕಿನಲ್ಲೇ ಇಟ್ಟಿದ್ದರು, ಮಡಿಕೆಯನ್ನೂ ಬದಲಿಸಿರಲಿಲ್ಲ. ಸವಿತಾ ಮದುವೆಗೆ ಉಡೋಣವೆಂದು ಬಿಚ್ಚಿದರೆ ಮಡಿಕೆ ಇದ್ದಲ್ಲೆಲ್ಲ ಜರಿಯ ಜೊತೆ ಸೀರೆ ಸೀಳಿತ್ತು. “ಅಮ್ಮ ಅವತ್ತು ಏನೂ ಮಾತಾಡಲಿಲ್ಲ ಮೇಡಂ. ಸುಮ್ನೆ ಮತ್ತೆ ಮಡಿಸಿಟ್ಟಳು.” ಆಮೇಲೆ ನಾವಿಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಬ್ಯಾಗ್ ಮಾರಿಬಿಡಿ ಎಂದು ನಾನು ಹೇಳಲಿಲ್ಲ. ಮೊದಲು ಗಂಡನಿಗೆ ನಿಜ ಬೆಲೆ ಹೇಳಿ ಎಂದೆ. ಕ್ಷಮೆ ಕೇಳುವ ದನಿಯಲ್ಲಿ ಬೇಡ. “ಇಷ್ಟು ಕೊಟ್ಟೆ, ಹೇಳೋಕೆ ಹೆದರಿದ್ದೆ, ಮುಚ್ಚಿಟ್ಟದ್ದು ತಪ್ಪು” ಎಂದು ನೇರವಾಗಿ. ಅತ್ತೆಗೆ ತಾವಾಗಿ ಲೆಕ್ಕ ಒಪ್ಪಿಸಬೇಕಿಲ್ಲ, ಆದರೆ ಕೇಳಿದರೆ ಇನ್ನೊಂದು ಸುಳ್ಳು ಬೇಡ. ಮಗುವಿಗೆ ಮಾತ್ರ ಕ್ಷಮೆ ಕೇಳಲೇಬೇಕು. ಕೂತು, ಅದರ ಕಣ್ಣಿನ ಮಟ್ಟಕ್ಕೆ ಬಂದು, ಹೊಡೆದದ್ದು ಅಮ್ಮನ ತಪ್ಪು ಎಂದು ಹೇಳಬೇಕು. ಇದನ್ನು ಹೇಳಿದಾಗ ಜಾಸ್ತಿ ಅತ್ತರು.

ದುಡ್ಡಿನ ಮಾತೂ ಬಂತು. ಕ್ರೆಡಿಟ್ ಕಾರ್ಡಿನಲ್ಲಿ 40 ಸಾವಿರ ಇನ್ನೂ ಬಾಕಿ ಇತ್ತು, ಪ್ರತಿ ತಿಂಗಳು ಕನಿಷ್ಠ ಮೊತ್ತ ಮಾತ್ರ ಕಟ್ಟುತ್ತಿದ್ದರು. ಹಾಗೆ ಉಳಿಸಿಕೊಂಡ ಬಾಕಿಗೆ ತಿಂಗಳಿಗೆ ನೂರಕ್ಕೆ ಮೂರು, ಮೂರೂವರೆ ರೂಪಾಯಿ ಬಡ್ಡಿ ಬೀಳುವುದು ಮಾಮೂಲು. ವರ್ಷಕ್ಕೆ ಲೆಕ್ಕ ಹಾಕಿದರೆ ನೂರಕ್ಕೆ ನಲವತ್ತರ ಆಸುಪಾಸು. ಉಳಿತಾಯ ಖಾತೆಯಲ್ಲಿ ಹಣ ಇದ್ದೂ ಗಂಡನಿಗೆ ಗೊತ್ತಾದೀತೆಂದು ತೆಗೆದಿರಲಿಲ್ಲ. ನಿಜ ಹೇಳಿದ ದಿನವೇ ಅದನ್ನು ತೀರಿಸಿ ಎಂದೆ.

ಇನ್ನು ಬಳಕೆ. ವಾರಕ್ಕೆ ಎರಡು ದಿನ ಆ ಬ್ಯಾಗ್ ಆಫೀಸಿಗೆ ಹೋಗಬೇಕು, ಮೆಟ್ರೋದಲ್ಲೇ. “ಗೀರು ಬಿದ್ದರೆ ಮಾರುವಾಗ ಬೆಲೆ ಸಿಗಲ್ಲ ಅಲ್ವಾ?” ಎಂದರು. ಮಾರುತ್ತೀರಾ ಎಂದು ಕೇಳಿದೆ. ಇಲ್ಲ ಎಂದರು. ಆಗ ನಟಿ, ಗಾಯಕಿ ಜೇನ್ ಬರ್ಕಿನ್ ಕತೆ ಹೇಳಿದೆ. 1984ರಲ್ಲಿ ವಿಮಾನದಲ್ಲಿ, ದುಬಾರಿ ಬ್ಯಾಗ್ ಮಾಡುವ ಫ್ರಾನ್ಸಿನ ಎರ್ಮೆಸ್ ಕಂಪನಿಯ ಮುಖ್ಯಸ್ಥರು ಪಕ್ಕದಲ್ಲಿ ಸಿಕ್ಕಾಗ, ಮಗುವಿರುವ ತಾಯಿಗೆ ಸಾಮಾನು ಹಿಡಿಸುವ ಬ್ಯಾಗೇ ಇಲ್ಲ ಎಂದಿದ್ದರಂತೆ ಆಕೆ. ಅವರಿಗೆಂದು ಮಾಡಿಕೊಟ್ಟ ಬ್ಯಾಗಿಗೆ ಸ್ಟಿಕ್ಕರ್ ಅಂಟಿಸಿ, ಉಗುರು ಕತ್ತರಿಸುವ ಕ್ಲಿಪ್ಪರ್ ನೇತುಹಾಕಿ, ವರ್ಷಗಟ್ಟಲೆ ತುರುಕಿ ತುರುಕಿ ಬಳಸಿದರು. ಗೀರು, ಕಲೆ ಎಲ್ಲ ಇದ್ದ ಆ ಬ್ಯಾಗ್ 2025ರಲ್ಲಿ ಪ್ಯಾರಿಸ್ಸಿನ ಹರಾಜಿನಲ್ಲಿ 86 ಲಕ್ಷ ಯೂರೋಗೆ ಹೋಯಿತು. ಆ ಬೆಲೆ ಆಕೆಯ ಹೆಸರಿಗೆ ಬಂದದ್ದು, ನಮ್ಮ ಬ್ಯಾಗಿಗೆ ಬರುವುದಿಲ್ಲ. ನನಗೆ ಬೇಕಿದ್ದದ್ದು ಆ ಕ್ಲಿಪ್ಪರ್. ಅಷ್ಟು ಸಲಿಗೆಯಿಂದ ಬಳಸಿದ್ದರು.

ಒಂದೆರಡು ಸಣ್ಣ ವಿಷಯವನ್ನೂ ಹೇಳಿದೆ, ಯಾಕೆಂದರೆ ಹೆದರಿಕೆಗೆ ಕೆಲಸ ಕೊಟ್ಟರೆ ಅದು ಕಡಿಮೆಯಾಗುತ್ತದೆ. ಪ್ಲಾಸ್ಟಿಕ್ ಕವರ್ ತೆಗೆಯಿರಿ, ಒಳಗೆ ತೇವ ನಿಂತು ಬೂಸ್ಟು ಹಿಡಿಯುತ್ತದೆ. ಹಳೇ ಕಾಟನ್ ದಿಂಬಿನ ಕವರ್ ಸಾಕು. ಬಣ್ಣದ ಲೇಪ ಇಲ್ಲದ ಚರ್ಮದ ಹಿಡಿಕೆ ಕೈ ತಾಗಿ, ಬಿಸಿಲು ತಾಗಿ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಅದು ಹಾಳಾದದ್ದಲ್ಲ, ಅದರ ಗುಣವೇ ಹಾಗೆ. ಮಳೆ ಹನಿ ಬಿದ್ದರೆ ಕಲೆ ಉಳಿಯುತ್ತದೆ, ಆದ್ದರಿಂದ ಜೋರು ಮಳೆಯ ದಿನ ಬೇರೆ ಬ್ಯಾಗ್. ಸ್ಯಾನಿಟೈಸರ್ ಹಾಕಿ ಒರೆಸಬೇಡಿ.

ಗಂಡ ಒಂದು ದಿನ ಮುನಿಸಿಕೊಂಡರಂತೆ. ಬೆಲೆಗಲ್ಲ, ತನಗೆ ಹೇಳಲಿಲ್ಲ ಎಂದು. ಅದು ನ್ಯಾಯವಾದ ಮುನಿಸು, ಇರಲಿ ಬಿಡಿ ಎಂದೆ. ನಿದ್ದೆ ಮೂರನೇ ವಾರದಿಂದ ಸುಧಾರಿಸಿತು.

ನಾಲ್ಕನೇ ಭೇಟಿಗೆ ಬರುವಾಗ ದಾರಿಯಲ್ಲಿ ಮಳೆ ಹನಿದಿತ್ತು. ಸವಿತಾ ಬ್ಯಾಗನ್ನು ಕುರ್ಚಿಯ ಪಕ್ಕ ನೆಲದ ಮೇಲೆ ಇಟ್ಟರು. ಹಿಡಿಕೆಯ ಮೇಲೆ ನಾಲ್ಕೈದು ಚುಕ್ಕಿ ಬಿದ್ದಿದ್ದವು. ಪೆನ್ನು ಬೇಕಾಗಿ ಒಳಗೆ ಕೈ ಹಾಕಿದರೆ ಊಟದ ಡಬ್ಬಿ ಅಡ್ಡ ಬಂತು, ಅದರ ಕೆಳಗಿಂದ ಮಗಳ ಹಸಿರು ಕ್ರೇಯಾನ್ ಸಿಕ್ಕಿತು. ಅದರಲ್ಲೇ ಮುಂದಿನ ಭೇಟಿಯ ದಿನ ಬರೆದುಕೊಂಡರು.