ಫೋಮ್ ಗೊಂಬೆಯ ಬಾಯಿ ಹತ್ತಿರ ಬಣ್ಣ ಬಿರಿಯುವುದೇಕೆ?

ಗಂಗಾವತಿಯ ಶಾಲಾ ನಾಟಕಕ್ಕೆ ಫೋಮ್ ಗೊಂಬೆ ಮಾಡಿ, ಲ್ಯಾಟೆಕ್ಸ್ (ದ್ರವ ರಬ್ಬರ್) ಬಳಿದು, ಮೇಲೆ ಎನಾಮೆಲ್ ಹಚ್ಚಿದ್ದೀರಿ. ಬಾಯಿ ಆಡಿಸಿದ ಕೂಡಲೇ ತುಟಿಯ ಮೂಲೆಯಲ್ಲಿ ಹಕ್ಕಳೆ ಎದ್ದಿದೆ, ಲ್ಯಾಟೆಕ್ಸ್ ಕಳಪೆಯೇ ಎಂದು ಕೇಳಿದ್ದೀರಿ. ಲ್ಯಾಟೆಕ್ಸ್‌ನದ್ದೇನೂ ತಪ್ಪಿಲ್ಲ. ರಬ್ಬರ್ ಹಿಗ್ಗುತ್ತದೆ, ಒಣಗಿದ ಎನಾಮೆಲ್ ಹಿಗ್ಗುವುದಿಲ್ಲ, ಅಷ್ಟೇ. ನಿಮ್ಮ ಪಕ್ಕದ ಕಿನ್ನಾಳದಲ್ಲಿ ಮರದ ಗೊಂಬೆ ಮಾಡುವ ಚಿತ್ರಗಾರರು ಸೆಣಬಿನ ಪುಡಿಗೆ ಹುಣಸೆಬೀಜದ ಅಂಟು ಕಲಸಿ ಕಿಟ್ಟ ಮಾಡಿ, ಅದರ ಮೇಲೆ ಬಣ್ಣ ಕೂರಿಸುತ್ತಾರೆ. ಅಲ್ಲಿ ಒಳಗಿರುವುದು ಅಲುಗದ ಕಟ್ಟಿಗೆ. ಇಲ್ಲಿ ಒಳಗಿನದೇ ಮಡಚುತ್ತದೆ, ಹಾಗಾಗಿ ಬಣ್ಣದಲ್ಲೂ ರಬ್ಬರ್ ಇರಬೇಕು.

ಈಗಿನ ಗೊಂಬೆಯನ್ನು ಉಳಿಸಬಹುದು. ಸಡಿಲವಾದ ಎನಾಮೆಲನ್ನು ಬೆರಳಿನಿಂದಲೇ ಎಬ್ಬಿಸಿ. ಥಿನ್ನರ್ ಹಾಕಿ ಉಜ್ಜಬೇಡಿ, ಲ್ಯಾಟೆಕ್ಸ್ ಉಬ್ಬಿ ಸುಕ್ಕಾಗುತ್ತದೆ. ಸೋಪಿನ ನೀರಲ್ಲಿ ಒರೆಸಿ, ಒಣಗಿಸಿ, ಮತ್ತೆ ಬಣ್ಣ ಹಚ್ಚಿ. ರಬ್ಬರೇ ಅಂಟಂಟಾಗಿದ್ದರೆ ಆ ಭಾಗವನ್ನು ಕತ್ತರಿಸಿ ಹೊಸ ಫೋಮ್ ಕೂರಿಸುವುದೇ ಒಳ್ಳೆಯದು.

ಬಣ್ಣ ಮಾಡಲು ಎರಡು ದಾರಿ. ಸುಲಭದ್ದು: 4 ಚಮಚ ಲ್ಯಾಟೆಕ್ಸ್‌ಗೆ 1 ಚಮಚ ಅಕ್ರಿಲಿಕ್ ಬಣ್ಣ. ಮೊದಲು ಒಂದೇ ಚಮಚದಷ್ಟು ಕಲಸಿ ನೋಡಿ. ಲ್ಯಾಟೆಕ್ಸ್ ಕೆಡದಿರಲು ಅದರಲ್ಲಿ ಅಮೋನಿಯ ಇರುತ್ತದೆ, ಅದಕ್ಕೆ ಹೊಂದದ ಬಣ್ಣ ಬಿದ್ದರೆ ಒಡೆದ ಹಾಲಿನಂತೆ ಗಂಟುಗಟ್ಟುತ್ತದೆ. ಹಸಿ ಲ್ಯಾಟೆಕ್ಸ್ ಬೆಳ್ಳಗಿರುತ್ತದೆ, ಒಣಗಿದಾಗ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಆದ್ದರಿಂದ ಡಬ್ಬಿಯಲ್ಲಿ ಕಂಡದ್ದಕ್ಕಿಂತ ಬಣ್ಣ ಗಾಢವಾಗುತ್ತದೆ. ಮುಖದ ಬಣ್ಣವನ್ನು ಒಂದು ಮೆಟ್ಟಿಲು ತಿಳಿಯಾಗಿಯೇ ಕಲಸಿ, ಫೋಮ್ ತುಂಡಿನ ಮೇಲೆ ಒಣಗಿಸಿ ನೋಡಿ.

ಇನ್ನೊಂದು ದಾರಿ ಕೆನ್ನೆಯ ಕೆಂಪು, ಕಣ್ಣಿನ ಸುತ್ತಲ ನೆರಳಿನಂಥ ಸೂಕ್ಷ್ಮ ಕೆಲಸಕ್ಕೆ. ಸೈಕಲ್ ಅಂಗಡಿಯ ಪಂಚರ್ ಸೊಲ್ಯೂಷನ್‌ಗೆ (ಅದೂ ರಬ್ಬರ್ ಅಂಟೇ) ಥಿನ್ನರ್ ಸೇರಿಸಿ ತೆಳುವಾಗಿಸಿ, ಟ್ಯೂಬಿನ ಆಯಿಲ್ ಕಲರ್ ಕಡಲೆಕಾಳಿನಷ್ಟು ಬೆರೆಸಿ. ಆ ಬಣ್ಣವನ್ನು ಹಿಂದಿನ ರಾತ್ರಿಯೇ ರಟ್ಟಿನ ಮೇಲೆ ಹಿಂಡಿಟ್ಟರೆ ಹೆಚ್ಚಿನ ಎಣ್ಣೆಯನ್ನು ರಟ್ಟು ಹೀರುತ್ತದೆ. ಇಲ್ಲಿನ ಥಿನ್ನರ್ ಬರೀ ಬಣ್ಣವನ್ನು ತೆಳುವಾಗಿಸಲು, ಗೊಂಬೆ ಒರೆಸಲು ಅಲ್ಲ. ಇದನ್ನು ಕಿಟಕಿ ತೆರೆದು, ಒಲೆಯಿಂದ ದೂರ ಕೂತು ಮಾಡಿ. ಮಕ್ಕಳ ಕೈಗೆ ಕೊಡಬೇಡಿ.

ಮುಂದಿನ ಗೊಂಬೆಗೆ ಬುಡದಿಂದಲೇ ನೋಡಿಕೊಳ್ಳಿ. ಕುಷನ್ ಅಂಗಡಿಯಲ್ಲಿ 28 ಅಥವಾ 32 ಡೆನ್ಸಿಟಿಯ ಅರ್ಧ ಇಂಚಿನ ಫೋಮ್ ಸಾಕು. ಹೊಸ ಕಟ್ಟರ್ ಬ್ಲೇಡಿನಲ್ಲಿ ಒಂದೇ ಎಳೆತಕ್ಕೆ ಕತ್ತರಿಸಿ. ಜೋಡಿಸಲು ಬಿಳಿ ಫೆವಿಕಾಲ್ ಬೇಡ, ಒಣಗಿದರೆ ಕಡ್ಡಿಯಂತಾಗಿ ಕೀಲು ಬಿಗಿಯುತ್ತದೆ. ಫೆವಿಕಾಲ್ ಎಸ್‌ಆರ್‌ನಂಥ ರಬ್ಬರ್ ಅಂಟನ್ನು ಎರಡೂ ಬದಿಗೆ ತೆಳುವಾಗಿ ಹಚ್ಚಿ, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಒತ್ತಿ. ಒತ್ತಿದ ಮೇಲೆ ಸರಿಸಲಾಗದು, ಆದ್ದರಿಂದ ಮೊದಲೇ ಪೆನ್ನಿನಲ್ಲಿ ಗುರುತು ಹಾಕಿಕೊಳ್ಳಿ.

ಮೊದಲ ಕೋಟಿಗೆ ಲ್ಯಾಟೆಕ್ಸ್‌ಗೆ ನೀರು ಬೆರೆಸಬೇಡಿ. ತೆಳುವಾದರೆ ಫೋಮ್ ಹೀರಿಕೊಂಡು ತೂಕ ಹೆಚ್ಚುತ್ತದೆ, ಬಾಯಿ ಬಿಗಿಯಾಗಿ ಗೊಂಬೆ ಆಡಿಸುವವರ ಬೆರಳು ನೋಯುತ್ತದೆ. ಸ್ಪಂಜಿನ ತುಂಡಿನಿಂದ ತಟ್ಟುತ್ತಾ ಮೇಲ್ಮೈ ಮುಚ್ಚಿ. ಬಿಳಿ ಮಚ್ಚೆ ಒಂದೂ ಉಳಿಯದಂತೆ ಪಾರದರ್ಶಕವಾದ ಮೇಲೆಯೇ ಮುಂದಿನ ಕೋಟು. ಒಟ್ಟು 3-4 ತೆಳು ಕೋಟು ಸಾಕು, ತುಟಿ ಮಡಚುವ ಜಾಗಕ್ಕೆ 2. ಮುದುಕನ ಮುಖದ ಸುಕ್ಕಿಗೆ ಅರಳೆಯನ್ನು ತೆಳುವಾಗಿ ಬಿಡಿಸಿ ಲ್ಯಾಟೆಕ್ಸ್‌ನಲ್ಲಿ ಅಂಟಿಸಿದರೆ ಚೆನ್ನಾಗಿ ಬರುತ್ತದೆ. ಬ್ರಷ್ ಬಳಸುವುದಾದರೆ ಮೊದಲು ಸೋಪಿನ ನೀರಲ್ಲಿ ಅದ್ದಿಕೊಳ್ಳಿ, ಇಲ್ಲವಾದರೆ ಕೂದಲು ಕಲ್ಲಾಗುತ್ತದೆ.

ಕೊಪ್ಪಳ, ರಾಯಚೂರಿನ ಬೇಸಿಗೆಯಲ್ಲಿ ದಪ್ಪ ಕೋಟು ಹಾಕಿದರೆ ಮೇಲೆ ಕೆನೆ ಕಟ್ಟಿ ಒಳಗೆ ಹಸಿ ಉಳಿದುಬಿಡುತ್ತದೆ. ಬಿಸಿಲಲ್ಲಿ ಒಣಗಿಸುವುದಂತೂ ಬೇಡವೇ ಬೇಡ, ಬಿಸಿಲು ರಬ್ಬರನ್ನೇ ಹಾಳುಮಾಡುತ್ತದೆ. ಬೆಳಿಗ್ಗೆ ತಂಪಿದ್ದಾಗ ಹಚ್ಚಿ, ಫ್ಯಾನಿನ ಕೆಳಗಿಡಿ. ಲ್ಯಾಟೆಕ್ಸ್ ಅಲರ್ಜಿ ಇರುವ ಮಕ್ಕಳಿದ್ದರೆ ಮೊದಲೇ ಕೇಳಿಕೊಳ್ಳಿ.

ಕೆಲಸ ಮುಗಿದ ಮೇಲೆ ಟಾಲ್ಕಂ ಪೌಡರ್ ಉದುರಿಸಿ ಒರೆಸಿ, ಇಲ್ಲವಾದರೆ ತುಟಿಗೆ ತುಟಿ ಅಂಟಿಕೊಳ್ಳುತ್ತದೆ, ಎರೆಮಣ್ಣಿನ ಧೂಳೂ ಕೂರುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿದ ಕೈ, ಹಿತ್ತಾಳೆ ಗೆಜ್ಜೆ, ತಾಮ್ರದ ತಂತಿ ಇವು ಮೂರೂ ಲ್ಯಾಟೆಕ್ಸ್‌ಗೆ ತಾಗಬಾರದು. ಗೆಜ್ಜೆ ಬೇಕೇ ಬೇಕೆಂದರೆ ಬಟ್ಟೆಯ ಅಂಗಿಗೆ ಹೊಲಿಯಿರಿ, ಮುಖದ ಹತ್ತಿರ ಬೇಡ.