ಪೋರ್ಶೆ 917ರ ಬಾಲ ಮೊಟಕಾದದ್ದು ಯಾಕೆ

ಉದ್ದ ಬಾಲ ಇದ್ದರೆ ಗಾಳಿಯ ತಡೆ ಕಡಿಮೆ, ವೇಗ ಜಾಸ್ತಿ ಅಲ್ವಾ, ಹಾಗಿದ್ದರೂ ಪೋರ್ಶೆ 917 ರೇಸ್ ಕಾರಿನ ಬಾಲ, ಅಂದರೆ ಹಿಂಬದಿಯ ಮೈ, ಯಾಕೆ ಮೊಟಕು ಮಾಡಿದರು ಅಂತ ಕೇಳಿದ್ದೀರಿ. ನಿಮ್ಮ ಲೆಕ್ಕ ಸರಿ. ಆದರೆ 1969ರ ಕಾರಿನ ಹಿಂಬದಿ ವೇಗದಲ್ಲಿ ಹಗುರಾಗಿಬಿಡುತ್ತಿತ್ತು. ನೇರ ರಸ್ತೆಯಲ್ಲೂ ಅತ್ತಿತ್ತ ಓಲಾಡುತ್ತಿತ್ತು. ಓಡಿಸುವವರಿಗೇ ಅದರ ಮೇಲೆ ಭಯ. ಆ ವರ್ಷ ಫ್ರಾನ್ಸ್‌ನ 24 ಗಂಟೆಯ ಓಟ ಲೆ ಮಾನ್ಸ್‌ನಲ್ಲಿ ಇದನ್ನು ಓಡಿಸುತ್ತಿದ್ದ ಜಾನ್ ವುಲ್ಫ್ ಮೊದಲ ಸುತ್ತಿನಲ್ಲೇ ಪ್ರಾಣ ಕಳೆದುಕೊಂಡರು.

ಪರಿಹಾರ ಸಿಕ್ಕ ಬಗೆ ನನಗೆ ತುಂಬಾ ಇಷ್ಟ. 1969ರ ಅಕ್ಟೋಬರ್‌ನಲ್ಲಿ ಆಸ್ಟ್ರಿಯಾದ ಟ್ರ್ಯಾಕ್‌ನಲ್ಲಿ ಪರೀಕ್ಷೆ ನಡೆಯುತ್ತಿತ್ತು. ಪೋರ್ಶೆಗಾಗಿ ಈ ಕಾರನ್ನು ಓಟಕ್ಕಿಳಿಸಲಿದ್ದ ಜಾನ್ ವೈಯರ್ ತಂಡದ ಎಂಜಿನಿಯರ್ ಜಾನ್ ಹಾರ್ಸ್‌ಮನ್ ಕಾರನ್ನು ನೋಡಿದರು. ಮುಂಭಾಗದ ತುಂಬ ಸತ್ತ ಸಣ್ಣ ನೊಣಗಳು, ಹಿಂಬದಿಯನ್ನು ಗಾಳಿಯಿಂದ ಕೆಳಕ್ಕೆ ಒತ್ತಿಸಬೇಕಾದ ಸ್ಪಾಯ್ಲರ್ ಪಟ್ಟಿ ಮಾತ್ರ ಸ್ವಚ್ಛ! ಅಂದರೆ ಗಾಳಿ ಅಲ್ಲಿಗೆ ಮುಟ್ಟುತ್ತಲೇ ಇಲ್ಲ. ಅಲ್ಲೇ ಅಲ್ಯೂಮಿನಿಯಂ ತಗಡು ಬಡಿದು, ಮೇಲಕ್ಕೆ ಏರುವ ಮೊಟಕು ಬಾಲ ಕಟ್ಟಿದರು. ಕಾರು ಹಿಡಿತಕ್ಕೆ ಬಂತು. ಅದೇ 917ಕೆ, ‘ಕೆ’ ಅಂದರೆ ಜರ್ಮನ್‌ನಲ್ಲಿ ಮೊಟಕು ಬಾಲ.

ನೇರದಲ್ಲಿ ಒಂದಿಷ್ಟು ವೇಗ ಹೋಯಿತು, ನಿಜ. ಆದರೆ ತಿರುವುಗಳಲ್ಲಿ ಧೈರ್ಯವಾಗಿ ಓಡಿಸಬಹುದಾಯಿತು. 24 ಗಂಟೆಯ ಓಟದಲ್ಲಿ, ಅದೂ ಮಳೆ ಬಂದಾಗ, ಅದೇ ದೊಡ್ಡ ಲಾಭ. 1970ರಲ್ಲಿ ಹರ್ಮನ್, ಆಟ್‌ವುಡ್ ಜೋಡಿ ಮಳೆಯಲ್ಲೇ ಲೆ ಮಾನ್ಸ್ ಗೆದ್ದದ್ದು 917ಕೆ ಕಾರಿನಲ್ಲಿ. 1971ರಲ್ಲಿ ಮಾರ್ಕೊ, ವಾನ್ ಲೆನೆಪ್ ಓಡಿಸಿದ 917ಕೆ 5,335 ಕಿ.ಮೀ. ಸಾಗಿತು. ಲೆ ಮಾನ್ಸ್‌ನಲ್ಲಿ ಸಾಗಿದ ದೂರದ ಆ ದಾಖಲೆ 2010ರವರೆಗೆ ಉಳಿಯಿತು.

ಹಾಗಂತ ಉದ್ದ ಬಾಲವನ್ನು ಪೂರ್ತಿ ಕೈಬಿಡಲಿಲ್ಲ. ಅದನ್ನೂ ತಿದ್ದಿ 1970, 1971ರಲ್ಲಿ ಲೆ ಮಾನ್ಸ್‌ಗೆ ತಂದರು. ಫೋಟೋ ಹೋಲಿಸುವಾಗ ವರ್ಷ ನೋಡಿಕೊಳ್ಳಿ, 1969ರ ಬಾಲವೇ ಬೇರೆ.