ಎಂಟು ಪಾಲಿನ ಒಂದು ವಿಮಾನ

(ಗಲ್ಫ್‌ನ ಒಂದು ಫ್ಲೈಯಿಂಗ್ ಕ್ಲಬ್ಬಿನಲ್ಲಿ 19 ವರ್ಷ ಸಣ್ಣ ವಿಮಾನಗಳ ಎಂಜಿನಿಯರ್ ಆಗಿ ದುಡಿದು, ಈಗ ಕಿನ್ನಿಗೋಳಿಯಲ್ಲಿ ನೆಲೆಸಿರುವ ನಮ್ಮ ಅಂಕಣಕಾರರು ಈ ಸಲದ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.)

ಪ್ರಶ್ನೆ: ನಾವು ಎಂಟು ಮಂದಿ ಸ್ನೇಹಿತರು. ಮೂವರಿಗೆ ಪ್ರೈವೇಟ್ ಪೈಲಟ್ ಲೈಸೆನ್ಸ್ ಉಂಟು, ಉಳಿದವರಿಗೆ ಕಲಿಯುವ ಆಸೆ. ಒಂದು ಹಳೆಯ ಸೆಸ್ನಾ 172 ಮಾರಾಟಕ್ಕೆ ಬಂದಿದೆ. ಬೆಲೆಯನ್ನು ಎಂಟು ಪಾಲು ಮಾಡಿದರೆ ತಲೆಗೆ ಒಂದು ಕಾರಿನ ದುಡ್ಡು. ಆಮೇಲಿನ ಖರ್ಚು ಹೇಗೆ ಹಂಚಿಕೊಳ್ಳುವುದು?
– ಓದುಗರು, ಕಾರ್ಕಳ

ಉತ್ತರ: ಮಿಯಾರು ಕಂಬಳ ನೋಡಿ ಬೆಳೆದ ಕಾರ್ಕಳದವರಿಗೆ ನಾನು ಈ ಲೆಕ್ಕ ಹೇಳಿಕೊಡಬೇಕಾ ಮಾರಾಯ್ರೆ? ಕರೆಯಲ್ಲಿ ಕೋಣ ಓಡುವುದು ಹನ್ನೆರಡೋ ಹದಿಮೂರೋ ಸೆಕೆಂಡು. ಹುರುಳಿ ಬೇಯಿಸಿ ಹಾಕುವುದು, ಎಣ್ಣೆ ತಿಕ್ಕುವುದು ವರ್ಷಪೂರ್ತಿ. ವಿಮಾನವೂ ಅದೇ ಜಾತಿ. ವಿಮೆ, ನಿಲ್ಲಿಸುವ ಬಾಡಿಗೆ, ವರ್ಷಕ್ಕೊಮ್ಮೆಯ ಹಾರಾಟಯೋಗ್ಯತೆಯ ತಪಾಸಣೆ, ಎಂಜಿನಿಯರ್ ಸಂಬಳ – ನೀವು ಹಾರಿಸಿದರೂ ಹಾರಿಸದಿದ್ದರೂ ಇವು ತಿನ್ನುತ್ತವೆ. ಇದನ್ನು ಎಂಟು ಸಮಪಾಲು ಮಾಡಿ ತಿಂಗಳ ಮೊದಲ ವಾರವೇ ವಸೂಲು ಮಾಡಿ. "ನಾನು ಈ ತಿಂಗಳು ಹಾರಲೇ ಇಲ್ಲ" ಎನ್ನುವವನಿಗೆ ಹುರುಳಿಯ ಕಥೆ ಹೇಳಿ.

ಗಂಟೆಯ ಖರ್ಚು ಬೇರೆ ಡಬ್ಬಿ. 172 ಗಂಟೆಗೆ 30ರಿಂದ 35 ಲೀಟರ್ ಕುಡಿಯುತ್ತದೆ. 50 ಗಂಟೆಗೊಮ್ಮೆ ಎಣ್ಣೆ ಬದಲು, 100 ಗಂಟೆಗೊಮ್ಮೆ ದೊಡ್ಡ ತಪಾಸಣೆ. ಇಷ್ಟನ್ನು ಎಲ್ಲರೂ ಬರೆದಿಡುತ್ತಾರೆ. ಮುಳುಗಿಸುವುದು ಎಂಜಿನ್.

172ರಲ್ಲಿ ಸಾಮಾನ್ಯವಾಗಿ ಇರುವ ಲೈಕಮಿಂಗ್ ಕಂಪೆನಿಯ ಎಂಜಿನನ್ನು ಪೂರ್ತಿ ಬಿಚ್ಚಿ ಹೊಸದು ಮಾಡಲು ತಯಾರಕರು ಹೇಳುವ ಗಡುವು ಸಾಮಾನ್ಯವಾಗಿ 2000 ಗಂಟೆ ಅಥವಾ 12 ವರ್ಷ. ಲೆಕ್ಕಕ್ಕೆ ಸುಮ್ಮನೆ ಆ ಕೆಲಸಕ್ಕೆ 20 ಲಕ್ಷ ಅಂತ ಇಟ್ಟುಕೊಳ್ಳಿ. ಗಂಟೆಗೆ 1000 ರೂಪಾಯಿ ತೆಗೆದಿಟ್ಟರೆ ಸಾಕು ಅಂತ ನಿಮ್ಮ ಖಜಾಂಚಿ ಹೇಳುತ್ತಾನೆ. ಅವನನ್ನು ಕೂರಿಸಿ ಲಾಗ್‌ಬುಕ್ ತೆರೆಸಿ. ನೀವು ಕೊಳ್ಳುವ ಎಂಜಿನ್ ಆಗಲೇ 1400 ಗಂಟೆ ಓಡಿದ್ದರೆ ಕೈಗೆ ಸಿಗುವುದು 600 ಮಾತ್ರ. ಹಾಗಾದರೆ ಗಂಟೆಗೆ 3300ರ ಮೇಲೆ. ಇನ್ನು 12 ವರ್ಷದ ಗಡುವಿಗೆ ನಾಲ್ಕೇ ವರ್ಷ ಉಳಿದು, ನೀವು ವರ್ಷಕ್ಕೆ 100 ಗಂಟೆ ಹಾರಿಸಿದರೆ? ಗಂಟೆಗೆ 5000. ಮೊದಲ ಯಜಮಾನ ಸುಟ್ಟ ಗಂಟೆಗಳ ದುಡ್ಡನ್ನು ನೀವು ಕಟ್ಟುವುದು. ಬೆಲೆ ಇಳಿಸಿ ಕೇಳಬೇಕಾದ್ದು ಅಲ್ಲಿಯೇ.

ಇನ್ನೆರಡು ಮಾತು. ಕಲಿಯುವ ಆ ಐವರು ನಿಮ್ಮ ವಿಮಾನದಲ್ಲಿ ಕಲಿಯುವ ಹಾಗಿಲ್ಲ. ಅದಕ್ಕೆ ವಿಮಾನಯಾನದ ಸರ್ಕಾರಿ ನಿಯಂತ್ರಕರಾದ ಡಿಜಿಸಿಎ ಒಪ್ಪಿಗೆ ಪಡೆದ ತರಬೇತಿ ಸಂಸ್ಥೆಗೇ ಹೋಗಬೇಕು. ಕನಿಷ್ಠ 40 ಗಂಟೆ ಹಾರಿ ಲೈಸೆನ್ಸ್ ತಂದ ಮೇಲೆ ಇದನ್ನು ಹಾರಿಸಲಿ. ಲೈಸೆನ್ಸ್ ಇದ್ದ ಮೂವರೂ ಯಾರನ್ನಾದರೂ ಕೂರಿಸಿ ಬಾಡಿಗೆ ತೆಗೆದುಕೊಳ್ಳುವ ಹಾಗಿಲ್ಲ. ಎರಡನೆಯದು ಇಂಧನ. ಬಜಪೆ ವಿಮಾನ ನಿಲ್ದಾಣದಲ್ಲಿ ಜೆಟ್‌ಗಳಿಗೆ ತುಂಬಿಸುವುದು ಸೀಮೆಎಣ್ಣೆಯ ಜಾತಿ. ನಿಮಗೆ ಬೇಕಾದ್ದು ನೀಲಿ ಬಣ್ಣದ ವಿಮಾನದ ಪೆಟ್ರೋಲ್, ಅವ್‌ಗ್ಯಾಸ್ 100 ಎಲ್‌ಎಲ್. 2022ರಲ್ಲಿ ಇಂಡಿಯನ್ ಆಯಿಲ್ ವಡೋದರದಲ್ಲಿ ಅದನ್ನು ತಯಾರಿಸಲು ಶುರು ಮಾಡುವ ತನಕ ಹೊರದೇಶದಿಂದಲೇ ಬರುತ್ತಿತ್ತು. ವಿಮಾನ ನಿಲ್ಲಿಸುವ ಜಾಗಕ್ಕೆ ಬ್ಯಾರಲ್ ಯಾರು ತರುತ್ತಾರೆ, ಎಷ್ಟಕ್ಕೆ ತರುತ್ತಾರೆ ಎಂಬುದು ಇತ್ಯರ್ಥವಾಗದೆ ಅಡ್ವಾನ್ಸ್ ಕೊಡಬೇಡಿ.

ಪ್ರಶ್ನೆ: ಮಳೆಗಾಲದಲ್ಲಿ ವಿಮಾನ ನಾಲ್ಕು ತಿಂಗಳು ನಿಂತೇ ಇರುತ್ತದೆ. ಪ್ರತಿ ಭಾನುವಾರ ಹತ್ತು ನಿಮಿಷ ಎಂಜಿನ್ ಸ್ಟಾರ್ಟ್ ಮಾಡಿದರೆ ಸಾಕಲ್ಲವೇ?
– ಓದುಗರು, ಸುರತ್ಕಲ್

ಉತ್ತರ: ದಯವಿಟ್ಟು ಮಾಡಬೇಡಿ. ಸ್ಕೂಟರಿಗೆ ಮಾಡುವ ಉಪಕಾರ ಇದು, ವಿಮಾನಕ್ಕೆ ಅಪಕಾರ. ಇಂಧನ ಉರಿದಾಗ ನೀರಿನ ಹಬೆಯೂ ಹುಟ್ಟುತ್ತದೆ. ಎಣ್ಣೆ 75ರಿಂದ 90 ಡಿಗ್ರಿಗೆ ಬಿಸಿಯಾಗಿ ಒಂದು ಗಂಟೆ ಹಾರಿದರೆ ಆ ಹಬೆ ಹೊರಗೆ ಹೋಗುತ್ತದೆ. ಹತ್ತು ನಿಮಿಷ ನೆಲದಲ್ಲೇ ಗುರುಗುಟ್ಟಿಸಿದರೆ ಎಣ್ಣೆಯಲ್ಲೇ ಉಳಿದು ಆಮ್ಲವಾಗುತ್ತದೆ. ಲೈಕಮಿಂಗ್‌ನಲ್ಲಿ ವಾಲ್ವ್‌ಗಳನ್ನು ತೆರೆಸುವ ಕ್ಯಾಮ್‌ಶಾಫ್ಟ್ ಇರುವುದು ಮೇಲ್ಗಡೆ, ನಿಂತ ಎಂಜಿನಿನ ಎಣ್ಣೆಯೆಲ್ಲ ಕೆಳಗಿಳಿದು ಅದು ಬರಿಮೈಯಲ್ಲಿ ಕೂತಿರುತ್ತದೆ. ನಾನು ಹೀಗೆ 'ಉಪಚಾರ' ಪಡೆದ ಒಂದು ಎಂಜಿನ್ ಬಿಚ್ಚಿದ್ದೆ. ಕ್ಯಾಮ್‌ನ ಮೂತಿಯ ಮೇಲೆ ಉಗುರು ಎಳೆದರೆ ಅಲ್ಲಲ್ಲಿ ತಡೆಯುತ್ತಿತ್ತು, ಸಣ್ಣ ಸಣ್ಣ ಹೊಂಡ. ಆ ಹೊಂಡದಿಂದ ಕಿತ್ತ ಚೂರುಗಳು ಫಿಲ್ಟರಿನಲ್ಲಿ ಮಿರಮಿರ ಮಿಂಚುತ್ತಿದ್ದವು.

ಮಲ್ಪೆಯವರನ್ನು ನೋಡಿ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆ ಬಂದ್. ಆ ದಿನಗಳಲ್ಲಿ ಬೋಟನ್ನು ಮೇಲೆಳೆದು ಹಲಗೆ ನೋಡುತ್ತಾರೆ, ಬಣ್ಣ ಹೊಡೆಯುತ್ತಾರೆ. ನೀವೂ ಹಾಗೆ ಮಾಡಿ. ಮೊದಲು ವಿಮಾನಕ್ಕೆ ಸಿಹಿನೀರಿನಲ್ಲಿ ಸ್ನಾನ, ಉಪ್ಪು ಹೋಗಲಿ. ಎಂಜಿನಿಗೆ ಸಂರಕ್ಷಕ ಎಣ್ಣೆ ಹಾಕಿ, ಸ್ಪಾರ್ಕ್ ಪ್ಲಗ್ ತೆಗೆದ ತೂತುಗಳಿಗೆ ತೇವ ಹೀರುವ ಪ್ಲಗ್ ಹಾಕಿಸಿ. ಅದರ ಕಾಳು ನೀಲಿಯಿಂದ ಗುಲಾಬಿಗೆ ತಿರುಗಿದರೆ ಬದಲಿಸಬೇಕು. ಸೈಲೆನ್ಸರ್ ಬಾಯಿ ಮುಚ್ಚಿ. ಹೀಗೆ ಮಲಗಿಸಿದ ಮೇಲೆ ಮಕ್ಕಳು ಬಂದು ಪ್ರೊಪೆಲರ್ ತಿರುಗಿಸದ ಹಾಗೆ ಒಂದು ಬೋರ್ಡು ನೇತುಹಾಕಿ, ತಿರುಗಿಸಿದರೆ ಆ ಎಣ್ಣೆಯ ಪದರ ಒರೆಸಿಹೋಗುತ್ತದೆ. ರೆಕ್ಕೆಯ ಕೆಳಗಿನ ಪಿಟೋ ನಳಿಗೆಗೆ ಮುಸುಕು ಮರೆಯಬೇಡಿ. ಕಣಜದ ಹುಳುವಿಗೆ ಮಣ್ಣಿನ ಮನೆ ಕಟ್ಟಲು ಅಷ್ಟು ಒಳ್ಳೆಯ ತೂತು ಬೇರೆ ಸಿಗುವುದಿಲ್ಲ. ಆ ನಳಿಗೆ ಕಟ್ಟಿದರೆ ವೇಗದ ಮುಳ್ಳು ಸುಳ್ಳು ಹೇಳುತ್ತದೆ.

ಪ್ರಶ್ನೆ: ರೋಟ್ಯಾಕ್ಸ್ 912 ಎಂಜಿನಿನ ಮೈಕ್ರೋಲೈಟ್ (ತೀರಾ ಹಗುರದ ವಿಮಾನ) ಆದರೆ ಬಂಕಿನ ಪೆಟ್ರೋಲೇ ಹಾಕಬಹುದಂತೆ, ಹೌದಾ?
– ಓದುಗರು, ಮೂಡುಬಿದಿರೆ

ಉತ್ತರ: ಕಾರಿನ ಪೆಟ್ರೋಲ್ ಆಗುತ್ತದೆ, ಆದರೆ ಶೇ. 10ರ ತನಕ ಎಥನಾಲ್ ಇದ್ದರೆ ಮಾತ್ರ ರೋಟ್ಯಾಕ್ಸ್ ಒಪ್ಪುತ್ತದೆ. ಈಗ ನಮ್ಮ ಬಂಕಿನಲ್ಲಿ ಸಿಗುವುದು ಶೇ. 20ರದ್ದು. ಕ್ಯಾನ್ ಹಿಡಿದು ಹೋಗುವ ಮೊದಲು ಇದನ್ನು ನೆನಪಿಡಿ.

ಪ್ರಶ್ನೆ: ನಾನು ಹೊರ ರಾಜ್ಯದ ಒಂದು ಸಣ್ಣ ಕ್ಲಬ್ಬಿನ ಸದಸ್ಯ, ಒಟ್ಟು ಆರು ಮಂದಿ. ಏನಾದರೂ ಹಾಳಾದರೆ ಯಾರೂ ಒಪ್ಪಿಕೊಳ್ಳುವುದಿಲ್ಲ. ದಂಡ ಹೆಚ್ಚಿಸಬೇಕಾ?
– ಓದುಗರು, ಮಣಿಪಾಲ

ಉತ್ತರ: ಇದೇ ತಪ್ಪನ್ನು ನಾನೇ ಮಾಡಿದ್ದೆ, ಹೇಳುತ್ತೇನೆ. ನಮ್ಮ ಕ್ಲಬ್ಬಿನ ಗೋಡೆಯಲ್ಲಿ ನನ್ನದೇ ಕೈಬರಹದ ಒಂದು ನಿಯಮ ಇತ್ತು: ಹಾನಿ ಮಾಡಿದವರು, ವಿಮೆಯವರು ಕೊಡದ ಮೊದಲ ಭಾಗವನ್ನು ತಮ್ಮ ಕಿಸೆಯಿಂದ ಕಟ್ಟಬೇಕು. ನ್ಯಾಯವೇ ತಾನೇ ಎಂದುಕೊಂಡಿದ್ದೆ.

ಒಂದು ಶುಕ್ರವಾರ ಬೆಳಿಗ್ಗೆ ಹಾರಲು ಬಂದವರೊಬ್ಬರು ರಡ್ಡರ್ ಪೆಡಲ್ (ಬಾಲದ ಚುಕ್ಕಾಣಿಯನ್ನೂ ನೆಲದಲ್ಲಿ ಮುಂದಿನ ಚಕ್ರವನ್ನೂ ತಿರುಗಿಸುವ ಕಾಲಿನ ಪೆಡಲ್) ಯಾಕೋ ಬಿಗಿ ಅಂದರು. ನಾನು ಚಹಾದ ಲೋಟ ಇಟ್ಟು, ಟಾರ್ಚ್ ಹಿಡಿದು ಮೂತಿಯ ಕೆಳಗೆ ಮಲಗಿದೆ. 172ರಲ್ಲಿ ಮುಂದಿನ ಚಕ್ರದ ಕಾಲನ್ನು ಕೂರಿಸಿರುವುದು ಎಂಜಿನಿಗೂ ನಮಗೂ ನಡುವಿನ ತಗಡಿನ ಗೋಡೆಗೆ. ಆ ತಗಡು, ಕಾವಲಿಯಿಂದ ಅವಸರದಲ್ಲಿ ಎಬ್ಬಿಸಿದ ನೀರುದೋಸೆಯ ಹಾಗೆ ಮಡಚಿಕೊಂಡಿತ್ತು. ಎರಡು ರಿವೆಟ್‌ಗಳ ಸುತ್ತ ಕಾಡಿಗೆಯ ಹಾಗೆ ಕಪ್ಪು ಗೆರೆ. ಯಾರೋ ಹಿಂದಿನ ಚಕ್ರಕ್ಕಿಂತ ಮುಂಚೆ ಮೂತಿಯನ್ನೇ ಕುಟ್ಟಿದ್ದಾರೆ. ಬುಧವಾರದಿಂದ ಹಾರಿಸಿದ್ದು ಮೂವರು. ಮೂವರೂ "ನಾನು ಇಳಿಸುವಾಗ ಸರಿ ಇತ್ತು" ಅಂದರು. ಅಂದರೆ ಅದೇ ಮಡಚಿದ ತಗಡಿನ ಮೇಲೆ ಇನ್ನಿಬ್ಬರೂ ಹಾರಿರಬಹುದು. ವಿಮಾನ ಹನ್ನೊಂದು ವಾರ ನಿಂತಿತು.

ಆ ಕಾಗದವನ್ನು ನಾನೇ ಹರಿದೆ. ಹೊಸ ನಿಯಮ: ಅದೇ ದಿನ ಪುಸ್ತಕದಲ್ಲಿ ಬರೆದರೆ ಖರ್ಚು ಕ್ಲಬ್ಬಿನ ಡಬ್ಬಿಯಿಂದ. ಬಚ್ಚಿಟ್ಟದ್ದು ಆಮೇಲೆ ಗೊತ್ತಾದರೆ ಪೂರ್ತಿ ಖರ್ಚು ಅವನದು, ಸದಸ್ಯತನವೂ ಹೋಯಿತು. ದುಡ್ಡು ಇಟ್ಟವರಲ್ಲಿ ಕೆಲವರು "ಕಂಡವರ ತಪ್ಪಿಗೆ ನಾವ್ಯಾಕೆ ಕಟ್ಟಬೇಕು" ಅಂತ ಕೂಗಾಡಿದರು. ಹನ್ನೊಂದು ವಾರದ ಹುರುಳಿಯ ಲೆಕ್ಕ ತೋರಿಸಿದೆ, ಸುಮ್ಮನಾದರು.

ಮೂರು ತಿಂಗಳಾದ ಮೇಲೆ ಒಂದು ರಾತ್ರಿ ಒಂಬತ್ತೂವರೆಗೆ ಫೋನು. "ಸ್ವಲ್ಪ ಜೋರಾಗಿ ಇಳಿಸಿದೆ, ಬರೆದಿದ್ದೇನೆ, ನೀವೊಮ್ಮೆ ನೋಡಿ" ಅಂತ ಒಬ್ಬ ಹುಡುಗ. ಹೋಗಿ ಅದೇ ಟಾರ್ಚಿನಲ್ಲಿ ನೋಡಿದೆ, ಎಂತದೂ ಆಗಿರಲಿಲ್ಲ. ಮತ್ತೆ ಸೀಟಿನ ಹಳಿ ಜಾರುವುದು, ಬಾಗಿಲ ಚಿಲಕ, ರೇಡಿಯೋದ ಗರಗರ ಎಲ್ಲ ಬರೆಯಲು ಶುರು ಮಾಡಿದರು. ವರ್ಷಕ್ಕೆ ಅರ್ಧ ಪುಟ ತುಂಬದ ಪುಸ್ತಕ ಎರಡು ವರ್ಷದಲ್ಲಿ ಮುಗಿಯಿತು.

ನಿಮ್ಮ ಪುಸ್ತಕವನ್ನು ವಿಮಾನದ ಕೀ ಇಡುವ ಮೊಳೆಯ ಪಕ್ಕವೇ ನೇತುಹಾಕಿ, ಪೆನ್ನನ್ನು ದಾರ ಕಟ್ಟಿ ಇಡಿ. ನಮ್ಮಲ್ಲಿ ತಗಡು ಮಡಚಿದವನು ಕೂಡ ಆಮೇಲೆ ಬಂದು ಒಪ್ಪಿಕೊಂಡ. ಪೆನ್ನು ಯಾರ ಕಿಸೆಗೆ ಹೋಗುತ್ತಿತ್ತು ಎಂದು ಮಾತ್ರ ಇವತ್ತಿಗೂ ಯಾರೂ ಬಾಯಿ ಬಿಟ್ಟಿಲ್ಲ.